ನೋವಿನ ಮಾತ್ರೆಗೆ ಅಂಟಿಕೊಂಡವರು ಎಷ್ಟು ಜನ ಅಂತ ಲೆಕ್ಕ ಹಾಕುವುದು ಹೇಗೆ?

ಆಪ್ತಸಲಹೆಗಾರ್ತಿ:

ಎಲ್ಲರಿಗೂ ನಮಸ್ಕಾರ. ನಾನು ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಲಹೆ ಮಾಡುತ್ತೇನೆ. 9 ವರ್ಷದಿಂದ ಇದೇ ಕೆಲಸ. ಜನರ ಮಾತು ಕೇಳುವುದು ಗೊತ್ತು, ಲೆಕ್ಕ ಅಷ್ಟಾಗಿ ಗೊತ್ತಿಲ್ಲ. ಈಗ ಲೆಕ್ಕವೇ ತಲೆ ಮೇಲೆ ಬಂದಿದೆ.

ಮುಂದಿನ 3 ವರ್ಷಕ್ಕೆ ಚಿಕಿತ್ಸೆಯ ಸೌಲಭ್ಯ ಎಷ್ಟು ಬೇಕು ಅಂತ ಒಂದು ಯೋಜನೆ ಬರೆಯಬೇಕು. ಎಷ್ಟು ಡಾಕ್ಟರು, ಎಷ್ಟು ನರ್ಸು, ಚಟದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್ ಮತ್ತು ಮೆಥಡೋನ್ ಔಷಧ ಎಷ್ಟು ಜನರಿಗೆ ಸಾಕಾಗುವಷ್ಟು, ಎಲ್ಲವೂ ಅದರಲ್ಲಿ ಬರಬೇಕು. ಮೊದಲ ಪುಟದಲ್ಲೇ ಒಂದು ಸಂಖ್ಯೆ ಇರಬೇಕಂತೆ. ಡಾಕ್ಟರ್ ಬರೆದುಕೊಡುವ ಓಪಿಯಾಯ್ಡ್ (ಅಫೀಮಿನ ಥರ ಕೆಲಸ ಮಾಡುವ) ನೋವಿನ ಔಷಧಗಳನ್ನು, ಅಂದರೆ ಟ್ರಮಡಾಲ್, ಕೋಡೀನ್, ಆಕ್ಸಿಕೋಡೋನ್, ಮಾರ್ಫೀನ್ ಇಂಥವನ್ನು, ದುರ್ಬಳಕೆ ಮಾಡುವವರು ನಮ್ಮ ವ್ಯಾಪ್ತಿಯಲ್ಲಿ ಎಷ್ಟು ಜನ?

ನನ್ನ ಕೈಯಲ್ಲಿ ಇರುವುದು ಎರಡು ಪಟ್ಟಿ. ಕಳೆದ ವರ್ಷ ಇದಕ್ಕಾಗಿ ನಮ್ಮಲ್ಲಿಗೆ ಬಂದವರು 400 ಜನ. ಇದೇ ಔಷಧಗಳ ಓವರ್‌ಡೋಸ್ ಆಗಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದವರು 150 ಜನ. ಹೆರಾಯಿನ್ ಮಾತ್ರ ಬಳಸುವವರನ್ನು ಎರಡರಲ್ಲೂ ಬಿಟ್ಟಿದ್ದೇನೆ. ಸಹೋದ್ಯೋಗಿಯೊಬ್ಬರು "ಕೂಡಿಸಿ 550 ಅಂತ ಬರೆದುಬಿಡಿ" ಅಂದರು. ಇನ್ನೊಬ್ಬರು "ಯಾವುದಾದರೂ ದೇಶದ ಸಮೀಕ್ಷೆಯ ಶೇಕಡಾವಾರು ತೆಗೆದುಕೊಂಡು ನಮ್ಮ ಜನಸಂಖ್ಯೆಗೆ ಗುಣಿಸಿ" ಅಂದರು. ಎರಡೂ ನನಗೆ ಸರಿ ಕಾಣುತ್ತಿಲ್ಲ.

ಯಾಕೆ ಅಂತ ಹೇಳುತ್ತೇನೆ. ಹೋದ ವಾರ ಒಬ್ಬರು ಬಂದಿದ್ದರು. ಐವತ್ತು ದಾಟಿದ ಹೆಂಗಸು. ಮಂಡಿ ಆಪರೇಷನ್ ಆಗಿ ಎರಡು ವರ್ಷವಾಗಿದೆ. ಮಾತಾಡುತ್ತಾ ಬ್ಯಾಗಿನಿಂದ ಕನ್ನಡಕದ ಡಬ್ಬಿ ತೆಗೆದರು. ಅದರಲ್ಲಿ ಕನ್ನಡಕ ಇರಲಿಲ್ಲ. ಸ್ಟ್ರಿಪ್‌ನಿಂದ ಬಿಡಿಸಿ, ಬಟ್ಟೆ ಸುತ್ತಿ ಇಟ್ಟ ಮಾತ್ರೆಗಳಿದ್ದವು. ಮಗಳಿಗೆ ಸದ್ದು ಕೇಳಬಾರದು ಅಂತ ಬಟ್ಟೆ. "ನಾನು ಚಟದವಳಲ್ಲ, ನೋವು ಇದೆ ಅಷ್ಟೇ" ಅಂತ ಮೂರು ಸಲ ಹೇಳಿದರು. ನಾನು ಕೇಳದೇ ಇದ್ದರೂ ಹೇಳಿದರು. ಕಳೆದ ವರ್ಷದ ಎರಡೂ ಪಟ್ಟಿಯಲ್ಲಿ ಅವರಿಲ್ಲ. ಆದರೆ ಅವರು ಇದ್ದರು, ಅಲ್ವಾ? ಅಂಥವರು ಇನ್ನೆಷ್ಟು ಜನ ಇದ್ದಾರೆ ಅಂತ ತಿಳಿಯುವ ದಾರಿ ಇದೆಯಾ?

ಎಣಿಕೆಗಾರ:

ಮೇಡಂ, ದಯವಿಟ್ಟು 550 ಬರೆಯಬೇಡಿ. ಅದು ನಿಮ್ಮ ಬಾಗಿಲಿಗೋ ಆಸ್ಪತ್ರೆ ಬಾಗಿಲಿಗೋ ಬಂದವರ ಸಂಖ್ಯೆ. ಬಾರದವರಿಗಾಗಿ ತಾನೇ ನೀವು ಯೋಜನೆ ಬರೆಯುತ್ತಿರುವುದು? ಅದೂ ಅಲ್ಲದೆ ಎರಡೂ ಕಡೆ ಇರುವವರನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ. ಆದರೆ ಎರಡೂ ಕಡೆ ಸಿಗುವ ಆ ಜನರೇ ನಿಮ್ಮ ಪ್ರಶ್ನೆಗೆ ಉತ್ತರದ ಕೀಲಿ.

ಇದು ಹಳೆಯ ವಿಧಾನ. ಡೆನ್ಮಾರ್ಕ್‌ನ ಪೀಟರ್ಸನ್ 1896ರಲ್ಲಿ ಮೀನುಗಳ ಲೆಕ್ಕಕ್ಕೆ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ಲೆಕ್ಕಕ್ಕೆ ಇದನ್ನು ಬಳಸಿದರು. ಒಂದಿಷ್ಟು ಮೀನು ಹಿಡಿದು, ಗುರುತು ಹಾಕಿ ನೀರಿಗೆ ಬಿಡುವುದು. ಸ್ವಲ್ಪ ದಿನ ಬಿಟ್ಟು ಮತ್ತೆ ಬಲೆ ಹಾಕುವುದು. ಎರಡನೇ ಸಲ ಸಿಕ್ಕಿದ್ದರಲ್ಲಿ ಗುರುತಿರುವ ಮೀನು ಎಷ್ಟು ಪಾಲು ಅಂತ ನೋಡಿದರೆ, ಒಟ್ಟು ಎಷ್ಟಿರಬಹುದು ಅಂತ ಗೊತ್ತಾಗುತ್ತದೆ. ಇದನ್ನು ಕ್ಯಾಪ್ಚರ್-ರೀಕ್ಯಾಪ್ಚರ್ ಅನ್ನುತ್ತಾರೆ. ಜನರ ವಿಷಯದಲ್ಲಿ ಯಾರನ್ನೂ ಹಿಡಿಯಬೇಕಾಗಿಲ್ಲ, ಎರಡು ಪಟ್ಟಿ ಸಾಕು.

ನಿಮ್ಮ ಅಂಕಿಗಳನ್ನೇ ಇಟ್ಟುಕೊಳ್ಳೋಣ. ಕೇಂದ್ರದ ಪಟ್ಟಿ 400, ಎಮರ್ಜೆನ್ಸಿ ಪಟ್ಟಿ 150. ಎರಡರಲ್ಲೂ ಇರುವವರು 30 ಜನ ಅಂತ ಸದ್ಯಕ್ಕೆ ಅಂದುಕೊಳ್ಳಿ. ಎಮರ್ಜೆನ್ಸಿಗೆ ಹೋದ 150ರಲ್ಲಿ 30, ಅಂದರೆ ಐದರಲ್ಲಿ ಒಬ್ಬರು ನಿಮ್ಮ ಕೇಂದ್ರ ನೋಡಿದ್ದಾರೆ. ಎಲ್ಲರಲ್ಲೂ ಅದೇ ಪ್ರಮಾಣ ಇದ್ದರೆ, ನಿಮ್ಮ 400 ಜನ ಒಟ್ಟು ಸಂಖ್ಯೆಯ ಐದನೇ ಒಂದು ಭಾಗ. ಒಟ್ಟು 2,000. ನೋಡಿ, 550 ಎಲ್ಲಿ, 2,000 ಎಲ್ಲಿ.

ಈಗ ಎಚ್ಚರಿಕೆಯ ಮಾತು. ಪೂರ್ತಿ ಓದದೆ ಈ ಲೆಕ್ಕ ಶುರು ಮಾಡಬೇಡಿ.

ಮೊದಲನೆಯದು, ಹೆಸರು ಹೊಂದಿಸುವುದು. ಆ 30 ಜನರಲ್ಲಿ 6 ಜನರ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದು ನಿಮಗೆ ಗೊತ್ತಾಗಲಿಲ್ಲ ಅಂತ ಇಟ್ಟುಕೊಳ್ಳಿ. ಆಗ 30ರ ಬದಲು 24 ಸಿಗುತ್ತದೆ. 400ನ್ನು 150ರಿಂದ ಗುಣಿಸಿ 24ರಿಂದ ಭಾಗಿಸಿದರೆ 2,500. ಆರು ಹೆಸರು ತಪ್ಪಿದ್ದಕ್ಕೆ ಇಲ್ಲದ 500 ಜನ ಹುಟ್ಟಿಕೊಂಡರು. ಅದಕ್ಕೇ ನಾನು ಸೂತ್ರಕ್ಕಿಂತ ಹೆಸರು ಹೊಂದಿಸುವುದಕ್ಕೆ ಜಾಸ್ತಿ ಸಮಯ ಕೊಡುತ್ತೇನೆ. ಭೇಟಿಗಳನ್ನು ಎಣಿಸಬೇಡಿ, ವ್ಯಕ್ತಿಗಳನ್ನು ಎಣಿಸಿ. ಒಬ್ಬರೇ ನಾಲ್ಕು ಸಲ ಬಂದಿದ್ದರೂ ಒಬ್ಬರೇ.

ಎರಡನೆಯದು ಇನ್ನೂ ಕಷ್ಟ. ಒಂದು ಪಟ್ಟಿಗೆ ಸೇರಿದ್ದರಿಂದ ಇನ್ನೊಂದಕ್ಕೆ ಸೇರುವ ಸಾಧ್ಯತೆ ಬದಲಾಗಬಾರದು ಅನ್ನುವುದು ಈ ಲೆಕ್ಕದ ಬುನಾದಿ. ನಿಮ್ಮ ವಿಷಯದಲ್ಲಿ ಅದು ಎರಡೂ ಕಡೆಗೆ ಅಲುಗಾಡುತ್ತದೆ. ಎಮರ್ಜೆನ್ಸಿ ಡಾಕ್ಟರು ಓವರ್‌ಡೋಸ್ ಆದವರನ್ನು ನಿಮ್ಮಲ್ಲಿಗೇ ಕಳಿಸುತ್ತಿದ್ದರೆ ಎರಡೂ ಪಟ್ಟಿಯಲ್ಲಿರುವವರು ಹೆಚ್ಚಾಗುತ್ತಾರೆ, ಅಂದಾಜು ಕೆಳಗೆ ಬರುತ್ತದೆ. ಇನ್ನೊಂದು ಕಡೆ, ನಿಮ್ಮಲ್ಲಿ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರಿಗೆ ಓವರ್‌ಡೋಸ್ ಆಗುವುದು ಕಡಿಮೆ. ಅದರಿಂದ ಎರಡೂ ಪಟ್ಟಿಯಲ್ಲಿರುವವರು ಕಡಿಮೆಯಾಗಿ ಅಂದಾಜು ಮೇಲೆ ಹೋಗುತ್ತದೆ. ಯಾವುದರ ಕೈ ಮೇಲಾಗುತ್ತದೆ ಅಂತ ಎರಡೇ ಪಟ್ಟಿಯಿಂದ ಹೇಳುವುದಕ್ಕೆ ಆಗುವುದಿಲ್ಲ. ಮೂರನೇ ಪಟ್ಟಿ ಬೇಕು. ಮೂರು ಪಟ್ಟಿ ಇದ್ದರೆ ಜನ ಏಳು ಗುಂಪುಗಳಾಗಿ ಕಾಣುತ್ತಾರೆ. ಮೊದಲನೆಯದರಲ್ಲಿ ಮಾತ್ರ ಇರುವವರು, ಮೊದಲ ಎರಡರಲ್ಲಿ ಇರುವವರು, ಹೀಗೆ. ಎಂಟನೇ ಗುಂಪು ಯಾವ ಪಟ್ಟಿಯಲ್ಲೂ ಇಲ್ಲದವರದು. ಆ ಏಳನ್ನು ನೋಡಿ ಎಂಟನೆಯದನ್ನು ಅಂದಾಜು ಮಾಡುವ ಮಾದರಿಗಳಿವೆ. ಬೇರೆ ಬೇರೆ ಮಾದರಿ ಬೇರೆ ಬೇರೆ ಉತ್ತರ ಕೊಡುತ್ತವೆ. ಒಳ್ಳೆಯದಾಗಿ ಕಾಣುವ ಒಂದನ್ನು ಆರಿಸಿಕೊಂಡು ಉಳಿದವನ್ನು ಬಚ್ಚಿಡಬೇಡಿ, ಎಲ್ಲವನ್ನೂ ವರದಿಯಲ್ಲಿ ಹಾಕಿ.

ಬೇರೆ ಕಡೆಯ ಶೇಕಡಾವಾರು ಯಾಕೆ ಬೇಡ ಅಂದರೆ, ಅಲ್ಲೇ ಒಮ್ಮತ ಇಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ಮನೆಮನೆ ಸಮೀಕ್ಷೆ ನಡೆಯುತ್ತದೆ. 2019ರಲ್ಲಿ ಆ ಸಮೀಕ್ಷೆ ಓಪಿಯಾಯ್ಡ್ ಅವಲಂಬನೆಯ ಕಾಯಿಲೆ ಇರುವವರು 16 ಲಕ್ಷ ಅಂತ ಹೇಳಿತು. ಅದೇ ವರ್ಷಕ್ಕೆ ಬೇರೆ ಮೂಲಗಳನ್ನು ಸೇರಿಸಿ ಸರಿಪಡಿಸಿದ ಸಂಶೋಧಕರಿಗೆ ಸಿಕ್ಕಿದ್ದು 67ರಿಂದ 76 ಲಕ್ಷ. ನಾಲ್ಕು ಪಟ್ಟನ್ನೂ ಮೀರಿತು. ಆ ಸಮೀಕ್ಷೆಗೆ ಜೈಲಿನಲ್ಲಿ ಇರುವವರು, ಬೀದಿಯಲ್ಲಿ ಮಲಗುವವರು ಸಿಗುವುದಿಲ್ಲ. ಸಿಕ್ಕವರೂ ನಿಜ ಹೇಳುತ್ತಾರೆ ಅಂತ ಇಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರದ ಹಲವು ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಇದೇ ಕ್ಯಾಪ್ಚರ್-ರೀಕ್ಯಾಪ್ಚರ್ ವಿಧಾನದಲ್ಲಿ ಲೆಕ್ಕ ಹಾಕಿದರು. 11 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಈ ಕಾಯಿಲೆ ಇರುವವರು 2011ರಲ್ಲಿ ಶೇ 2.72, 2015ರಲ್ಲಿ ಶೇ 4.60 ಬಂತು. ಸುಮ್ನೆ ಯಾರದೋ ಶೇಕಡಾವಾರು ತಂದು ಗುಣಿಸಿದರೆ ಯಾರ ತಪ್ಪನ್ನು ತಂದಿದ್ದೇವೆ ಅಂತಲೂ ಗೊತ್ತಾಗುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಪಟ್ಟಿಯಲ್ಲಿ ಇದ್ದವರನ್ನೇ ಎಣಿಸಿ ಕೊಟ್ಟಿದ್ದೆ. ಅದನ್ನು ನಂಬಿ ಕಟ್ಟಿದ ಸೇವೆ ನಾಲ್ಕನೇ ತಿಂಗಳಿಗೇ ತುಂಬಿತು. ಬಂದವರಿಗೆ "ಆರು ವಾರ ಬಿಟ್ಟು ಬನ್ನಿ" ಅನ್ನಬೇಕಾಯಿತು. ಹಾಗೆ ಹೋದವರಲ್ಲಿ ಕೆಲವರು ಮತ್ತೆ ಬರಲಿಲ್ಲ. ಅವರಲ್ಲಿ ಇಬ್ಬರ ಹೆಸರನ್ನು ಆಮೇಲೆ ಸಾವಿನ ದಾಖಲೆಯಲ್ಲಿ ನಾನೇ ನೋಡಿದೆ.

ಮಾತ್ರೆ ಲೆಕ್ಕ:

ನಾನು ಫಾರ್ಮಸಿಸ್ಟ್. ಮೇಲಿನವರು ಎಣಿಸುವುದು ಹೇಗೆ ಅಂತ ಹೇಳಿದರು. ಏನನ್ನು ಎಣಿಸುತ್ತಿದ್ದೇವೆ ಅಂತ ನಾನು ಕೇಳುತ್ತೇನೆ.

"ದುರ್ಬಳಕೆ" ಅನ್ನುವ ಒಂದೇ ಮಾತಿನಲ್ಲಿ ಎಷ್ಟೋ ಥರದ ಜನ ಇದ್ದಾರೆ. ಹಲ್ಲು ನೋವು ಅಂತ ಅಣ್ಣನ ಡಬ್ಬಿಯಿಂದ ಒಂದು ಮಾತ್ರೆ ನುಂಗಿದವರೂ ದುರ್ಬಳಕೆಯೇ. ದಿನಕ್ಕೆ ಬರೆದುಕೊಟ್ಟಿದ್ದರ ಮೂರು ಪಟ್ಟು ತೆಗೆದುಕೊಳ್ಳುವವರೂ ದುರ್ಬಳಕೆಯೇ. 2019ರ ಅದೇ ಅಮೆರಿಕದ ಸಮೀಕ್ಷೆಯಲ್ಲಿ ಆ ವರ್ಷ ನೋವಿನ ಔಷಧ ದುರ್ಬಳಕೆ ಮಾಡಿದ್ದೇವೆ ಅಂದವರು 97 ಲಕ್ಷ. ಆ ಔಷಧದ ಮೇಲೆ ಅವಲಂಬನೆಯ ಕಾಯಿಲೆ ಇದ್ದವರು 14 ಲಕ್ಷ. ಸುಮಾರು ಏಳಕ್ಕೆ ಒಂದು. ದುರ್ಬಳಕೆಗೆ ಮುಖ್ಯ ಕಾರಣ ಏನು ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ಮೈನೋವು. 97ನ್ನು ನೋಡಿ ಹಾಸಿಗೆ ಹಾಕಿದರೆ ಹಾಸಿಗೆ ಖಾಲಿ. 14ನ್ನು ನೋಡಿ ಉಳಿದವರನ್ನು ಮರೆತರೆ ನಾಳೆ ಅವರಲ್ಲಿ ಕೆಲವರು ಆ 14ಕ್ಕೆ ಸೇರುತ್ತಾರೆ.

ವ್ಯಾಖ್ಯೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆ ಸಮೀಕ್ಷೆಯಲ್ಲಿ 2015ರಿಂದ ಪ್ರಶ್ನೆಯನ್ನೇ ತಿದ್ದಿದರು. "ಡಾಕ್ಟರ್ ಹೇಳಿದ ರೀತಿ ಬಿಟ್ಟು ಬೇರೆ ಯಾವುದೇ ರೀತಿ" ಅಂತ ಮಾಡಿದರು. ಜಾಸ್ತಿ ಸಲ, ಜಾಸ್ತಿ ದಿನ, ಜಾಸ್ತಿ ಪ್ರಮಾಣ, ಎಲ್ಲ ಸೇರಿತು. ಹಾಗಾಗಿ 2014ರ ಅಂಕಿಯನ್ನೂ 2015ರ ಅಂಕಿಯನ್ನೂ ಒಂದೇ ಗೆರೆಯಲ್ಲಿ ಜೋಡಿಸಬಾರದು.

ಮಾರಾಟದ ಅಂಕಿಯಿಂದ ಜನರನ್ನು ಅಂದಾಜು ಮಾಡೋಣ ಅಂತಲೂ ಯಾರಾದರೂ ನಿಮಗೆ ಹೇಳುತ್ತಾರೆ. ಮಾತ್ರೆ ಎಷ್ಟು ಹೋಯಿತು ಅಂತ ಅದು ಹೇಳುತ್ತದೆ, ಯಾರ ಬಾಯಿಗೆ ಹೋಯಿತು ಅಂತ ಹೇಳುವುದಿಲ್ಲ. ಎಲ್ಲ ಔಷಧಗಳನ್ನು ಮಾರ್ಫೀನ್‌ಗೆ ಸಮ ಮಾಡಿ ಕೂಡಿಸುವ ಪದ್ಧತಿ ಇದೆ. ಅದರಲ್ಲೂ ಟ್ರಮಡಾಲ್‌ನ ಗುಣಕ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ 2016ರ ಮಾರ್ಗಸೂಚಿಯಲ್ಲಿ 0.1 ಇತ್ತು, 2022ರಲ್ಲಿ 0.2 ಆಯಿತು. ಒಂದೇ ಒಂದು ಮಾತ್ರೆ ಹೆಚ್ಚಿಗೆ ಮಾರದೆ ಟ್ರಮಡಾಲ್‌ನ ಪಾಲು ಕಾಗದದ ಮೇಲೆ ಎರಡು ಪಟ್ಟು ಆಗುತ್ತದೆ. ಮಾರಾಟ ಕಡಿಮೆಯಾದರೆ ಕಷ್ಟ ಕಡಿಮೆಯಾಯಿತು ಅಂತಲೂ ಅಲ್ಲ. 2010ರಲ್ಲಿ ಅಮೆರಿಕದಲ್ಲಿ ಆಕ್ಸಿಕಾಂಟಿನ್ ಅನ್ನುವ ಆಕ್ಸಿಕೋಡೋನ್ ಮಾತ್ರೆಯನ್ನು ಪುಡಿ ಮಾಡುವುದು ಕಷ್ಟವಾಗುವ ಹಾಗೆ ಬದಲಾಯಿಸಿದರು. ಅದನ್ನು ಬಿಟ್ಟವರಲ್ಲಿ ಕೆಲವರು ಹೆರಾಯಿನ್‌ಗೆ ಹೋದರು.

ಇನ್ನೊಂದು ದಾರಿಯೂ ಇದೆ. ದೀರ್ಘಕಾಲದ ನೋವಿಗೆ ಓಪಿಯಾಯ್ಡ್ ತೆಗೆದುಕೊಳ್ಳುವವರಲ್ಲಿ ದುರ್ಬಳಕೆ ಸರಾಸರಿ ಶೇ 21ರಿಂದ 29, ಚಟ ಶೇ 8ರಿಂದ 12 ಅಂತ 2015ರ ಒಂದು ದೊಡ್ಡ ವಿಮರ್ಶೆ ಹೇಳಿತು. ನಿಮ್ಮ ವ್ಯಾಪ್ತಿಯಲ್ಲಿ ಅಂಥ ರೋಗಿಗಳು ಎಷ್ಟು ಅಂತ ಗೊತ್ತಿದ್ದರೆ ಗುಣಿಸಿ ನೋಡಬಹುದು. ಆದರೆ ಆ ವಿಮರ್ಶೆಯೊಳಗಿನ ಒಂದೊಂದು ಅಧ್ಯಯನವೂ ಇನ್ನೊಂದಕ್ಕಿಂತ ಬಹಳ ದೂರ ಇದೆ. ಹೋಲಿಸಿ ನೋಡುವುದಕ್ಕೆ ಇಟ್ಟುಕೊಳ್ಳಿ, ಅದನ್ನೇ ನೆಚ್ಚಿಕೊಳ್ಳಬೇಡಿ.

ಮತ್ತೆ ಒಂದು ವಿನಂತಿ. ನೋವಿನ ರೋಗಿಗಳನ್ನೆಲ್ಲ "ದುರ್ಬಳಕೆ" ಅಂತ ದೊಡ್ಡ ಅಂಕಿ ಹಾಕಿದರೆ, ಅದನ್ನು ನೋಡಿ ಹೆದರಿದ ಡಾಕ್ಟರು ಔಷಧವನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಹಾಗೆ ತಟ್ಟನೆ ನಿಲ್ಲಿಸಿದರೆ ತೀವ್ರ ವಿತ್‌ಡ್ರಾವಲ್ (ಔಷಧ ನಿಂತಾಗ ಮೈ ಪಡುವ ಯಾತನೆ), ತಡೆಯಲಾಗದ ನೋವು, ಆತ್ಮಹತ್ಯೆಯ ಅಪಾಯ ಇದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತು. ನಿಮ್ಮ ಮೊದಲ ಪುಟದ ಅಂಕಿ ಅಷ್ಟು ದೂರ ಹೋಗಿ ಮುಟ್ಟುತ್ತದೆ.

ಮೂರು ವರ್ಷ:

ನಾನು ಡಾಕ್ಟರೂ ಅಲ್ಲ, ಲೆಕ್ಕದವನೂ ಅಲ್ಲ. ನೀವು ಹುಡುಕುತ್ತಿರುವವರಲ್ಲಿ ಒಬ್ಬನಾಗಿದ್ದೆ. ಬೆನ್ನಿನ ಆಪರೇಷನ್ ಆದ ಮೇಲೆ 3 ವರ್ಷ.

ಕನ್ನಡಕದ ಡಬ್ಬಿ ಓದಿ ಕೈ ನಡುಗಿತು. ನನ್ನದು ಶೇವಿಂಗ್ ಕ್ರೀಮಿನ ಖಾಲಿ ಡಬ್ಬ.

ನಿಮ್ಮ ಪಟ್ಟಿಗಳಲ್ಲಿ ನಾನು ಎಲ್ಲಿದ್ದೆ ಅಂತ ಕೂತು ಯೋಚಿಸಿದೆ. ಎಲ್ಲೂ ಇರಲಿಲ್ಲ. ಓವರ್‌ಡೋಸ್ ಆಗಲಿಲ್ಲ. ಪೊಲೀಸರ ಕಣ್ಣಿಗೆ ಬೀಳುವ ಕೆಲಸ ಮಾಡಲಿಲ್ಲ. ಸೂಜಿ ಮುಟ್ಟಲಿಲ್ಲ. ವ್ಯಸನಮುಕ್ತಿ ಕೇಂದ್ರದ ಬೋರ್ಡ್ ನೋಡಿದರೆ ಅದು ಬೇರೆಯವರಿಗೆ ಅಂತ ಮುಂದೆ ಹೋಗುತ್ತಿದ್ದೆ. ದಿನಾ ಕೆಲಸಕ್ಕೆ ಹೋಗುತ್ತಿದ್ದೆ. ಮಗಳ ಲೆಕ್ಕದ ಹೋಂವರ್ಕ್ ನೋಡುತ್ತಿದ್ದೆ.

ಒಮ್ಮೆ ಸಮೀಕ್ಷೆಯವರು ಮನೆಗೇ ಬಂದಿದ್ದರು. "ಮಾದಕ ವಸ್ತು ಬಳಸುತ್ತೀರಾ" ಅಂತ ಕೇಳಿದರು. ಇಲ್ಲ ಅಂದೆ. ಅಡುಗೆಮನೆಯಲ್ಲಿ ಹೆಂಡತಿ ಇದ್ದಳು, ಅದು ಒಂದು ಕಾರಣ. ಆದರೆ ನಿಜವಾದ ಕಾರಣ ಬೇರೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ನನ್ನ ಹತ್ತಿರ ಡಾಕ್ಟರ್ ಚೀಟಿ ಇತ್ತು. ಚೀಟಿ ಇದ್ದ ಮೇಲೆ ಅದು ಔಷಧ ತಾನೇ? "ನೋವಿನ ಮಾತ್ರೆ ಬರೆದಿದ್ದಕ್ಕಿಂತ ಬೇಗ ಮುಗಿಯುತ್ತಾ" ಅಂತ ಕೇಳಿದ್ದರೆ ಬಹುಶಃ ಹೌದು ಅನ್ನುತ್ತಿದ್ದೆ.

ನಾನು ಒಂದೇ ಒಂದು ಕಡೆ ಕಾಣುತ್ತಿದ್ದೆ. ಫಾರ್ಮಸಿಯ ಕಂಪ್ಯೂಟರಿನಲ್ಲಿ. 28 ದಿನಕ್ಕೆ ಕೊಟ್ಟಿದ್ದನ್ನು ಮೊದಮೊದಲು 26ನೇ ದಿನ ತರುತ್ತಿದ್ದೆ. ಆಮೇಲೆ 23. ಕೊನೆಗೆ 19. ಪ್ರತಿ ಸಲ ಒಂದು ಕಾರಣ ಹೇಳುತ್ತಿದ್ದೆ. ಪ್ರವಾಸ ಹೋಗಬೇಕು, ಡಬ್ಬ ಸಿಂಕಿಗೆ ಬಿತ್ತು, ಹೀಗೆ. ನಾನು ಹೇಳಿದ ಕಾರಣಗಳೆಲ್ಲ ಮರೆತುಹೋಗಿವೆ, ಆ ತಾರೀಖುಗಳು ಮಾತ್ರ ಅಲ್ಲೇ ಇವೆ.

ಕೊನೆಗೆ ನನಗೆ ಸಹಾಯ ಸಿಕ್ಕಿದ್ದು ನೋವಿನ ಕ್ಲಿನಿಕ್ಕಿನಲ್ಲಿ. ಅಲ್ಲಿನ ಡಾಕ್ಟರ್ ಬೈಯಲಿಲ್ಲ. ಬುಪ್ರೆನಾರ್ಫಿನ್‌ಗೆ ಬದಲಾಯಿಸಿದರು, ಬೆನ್ನು ನೋವಿಗೂ ಬೇರೆ ದಾರಿ ನೋಡಿದರು. ವ್ಯಸನ ಅನ್ನುವ ಪದ ನಾನೇ ಹೇಳುವವರೆಗೆ ಅವರ ಬಾಯಲ್ಲಿ ಬರಲಿಲ್ಲ. ಆ ಪದ ನನ್ನ ಬಾಯಲ್ಲಿ ಬರುವುದಕ್ಕೆ ಐದು ತಿಂಗಳು ಬೇಕಾಯಿತು.

ಹಾಗಾಗಿ ಮೇಡಂ, ಎಷ್ಟು ಜನ ಅಂತ ಬರೆಯುವಾಗ ಎಲ್ಲಿಗೆ ಬರುತ್ತಾರೆ ಅಂತಲೂ ಬರೆಯಿರಿ. ನೀವು ಎಷ್ಟೇ ಕುರ್ಚಿ ಹಾಕಿದ್ದರೂ ನಾನು ನಿಮ್ಮ ಕೇಂದ್ರಕ್ಕೆ ಬರುತ್ತಿರಲಿಲ್ಲ.

ಎಣಿಕೆಗಾರ:

ಸರ್, ಬರೆದಿದ್ದಕ್ಕೆ ಧನ್ಯವಾದ. ನೀವು ಹೇಳಿದ್ದು ನಮ್ಮ ಲೆಕ್ಕದ ಅತಿ ದೊಡ್ಡ ತೂತು. ಸಿಗುವ ಸಾಧ್ಯತೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಂತ ಸೂತ್ರ ನಂಬುತ್ತದೆ. ನಿಮ್ಮಂಥವರಿಗೆ ಆ ಎರಡು ಪಟ್ಟಿಯಲ್ಲಿ ಸಿಗುವ ಸಾಧ್ಯತೆಯೇ ಇಲ್ಲ. ಹಾಗಾಗಿ ಮೇಡಂ, ನಿಮಗೆ ಬರುವ ಸಂಖ್ಯೆ "ದುರ್ಬಳಕೆ ಮಾಡುವವರು" ಅಲ್ಲ. "ಕೇಂದ್ರಕ್ಕೋ ಎಮರ್ಜೆನ್ಸಿಗೋ ಬರುವಷ್ಟು ಕಷ್ಟದಲ್ಲಿ ಇರುವವರು" ಅಂತ. ಶೀರ್ಷಿಕೆಯನ್ನೇ ಹಾಗೆ ಬರೆಯಿರಿ.

ಮೂರನೇ ಪಟ್ಟಿ ಯಾವುದು ಅಂತ ಸರ್ ಹೇಳಿಬಿಟ್ಟರು. ಫಾರ್ಮಸಿಯ ಚೀಟಿ ದಾಖಲೆಯಲ್ಲಿ ಪದೇ ಪದೇ ಬೇಗ ಬಂದು ಔಷಧ ತೆಗೆದುಕೊಂಡವರು. ಬೇಗ ಬಂದವರೆಲ್ಲ ದುರ್ಬಳಕೆ ಮಾಡುವವರಲ್ಲ, ನೋವು ಹೆಚ್ಚಾಗಿಯೂ ಬರಬಹುದು. ಒಂದು ಸಲ ಬೇಗ ಬಂದವರನ್ನು ಬಿಡಿ. ವರ್ಷದಲ್ಲಿ ನಾಲ್ಕು ಸಲ ಬಂದಿದ್ದರೆ ನೋಡಿ. ಆ ಗಡಿಯನ್ನು ಮೂರು, ಐದು ಮಾಡಿ ಅಂದಾಜು ಎಷ್ಟು ಅಲುಗಾಡುತ್ತದೆ ಅಂತಲೂ ನೋಡಿ.

ಬೇರೆ ವಿಧಾನಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗುಣಕ ವಿಧಾನ ಸುಲಭ. ದುರ್ಬಳಕೆ ಮಾಡುವವರ ಒಂದು ಸ್ಯಾಂಪಲ್ ಸಿಕ್ಕರೆ "ಕಳೆದ ವರ್ಷ ಆ ಕೇಂದ್ರಕ್ಕೆ ಹೋಗಿದ್ದಿರಾ" ಅಂತ ಕೇಳುವುದು. ಶೇ 16 ಹೌದು ಅಂದರೆ 400 ಭಾಗಿಸು 0.16, ಅಂದರೆ 2,500. ಶೇ 20 ಅಂದರೆ 2,000. ಸ್ಯಾಂಪಲ್ಲನ್ನು ನಿಮ್ಮ ಕೇಂದ್ರದ ಜಗಲಿಯಲ್ಲೇ ಹುಡುಕಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದು ಲೆಕ್ಕಕ್ಕಿಲ್ಲ. ಒಬ್ಬರಿಂದ ಇನ್ನೊಬ್ಬರ ಪರಿಚಯ ಹಿಡಿದು ಹೋಗುವ ವಿಧಾನವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಹೆಕಥಾರ್ನ್ 1997ರಲ್ಲಿ ಕೊಟ್ಟರು. ಸೂಜಿ ಬಳಸುವವರಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಅವರಿಗೆ ಒಬ್ಬರಿಗೊಬ್ಬರು ಗೊತ್ತು. ಮನೆಯೊಳಗೆ ಒಬ್ಬಂಟಿಯಾಗಿ ಮಾತ್ರೆ ನುಂಗುವವರಲ್ಲಿ ಆ ಸರಪಳಿ ಎರಡನೇ ಕೊಂಡಿಗೇ ನಿಲ್ಲುತ್ತದೆ. "ನಿಮಗೆ ಗೊತ್ತಿರುವವರಲ್ಲಿ ಎಷ್ಟು ಜನ ಹೀಗೆ ಮಾಡುತ್ತಾರೆ" ಅಂತ ಕೇಳುವ ವಿಧಾನವೂ ಇಲ್ಲಿ ಸೋಲುತ್ತದೆ. ಶೇವಿಂಗ್ ಕ್ರೀಮಿನ ಡಬ್ಬ ಹೆಂಡತಿಗೇ ಗೊತ್ತಿರಲಿಲ್ಲ, ಪರಿಚಯದವರಿಗೆ ಎಲ್ಲಿ ಗೊತ್ತಿರುತ್ತದೆ?

ಸಮೀಕ್ಷೆ ಮಾಡುವುದಾದರೆ ನಾಣ್ಯದ ವಿಧಾನ ನೋಡಿ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಈ ಯೋಚನೆ ಶುರು ಮಾಡಿದರು. ಈಗಿನ ಸುಲಭ ರೂಪ ಹೀಗೆ: ಉತ್ತರ ಕೊಡುವವರು ಯಾರಿಗೂ ತೋರಿಸದೆ ನಾಣ್ಯ ಚಿಮ್ಮುತ್ತಾರೆ. ತಲೆ ಬಿದ್ದರೆ ಏನೇ ಇರಲಿ ಹೌದು ಅನ್ನಬೇಕು. ಇನ್ನೊಂದು ಮುಖ ಬಿದ್ದರೆ ನಿಜ ಹೇಳಬೇಕು. 100ರಲ್ಲಿ 56 ಹೌದು ಬಂದರೆ ಅದರಲ್ಲಿ ಸುಮಾರು 50 ನಾಣ್ಯದ್ದು. ಉಳಿದ 50 ಜನರಲ್ಲಿ 6, ಅಂದರೆ ಶೇ 12 ನಿಜದ್ದು. ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇದಕ್ಕೆ ತುಂಬಾ ದೊಡ್ಡ ಸ್ಯಾಂಪಲ್ ಬೇಕು.

ಇನ್ನು ಜಾಗದ ಲೆಕ್ಕ. ಒಟ್ಟು ಎಷ್ಟು ಜನ ಅನ್ನುವುದರಿಂದ ನೇರವಾಗಿ ಎಷ್ಟು ಜಾಗ ಅಂತ ಬರುವುದಿಲ್ಲ. ತಿಂಗಳಿಗೆ ಹೊಸದಾಗಿ 30 ಜನ ಬಂದು, ಒಬ್ಬೊಬ್ಬರು ಸರಾಸರಿ 8 ತಿಂಗಳು ಇದ್ದರೆ ಯಾವ ದಿನ ನೋಡಿದರೂ 240 ಜನ ಇರುತ್ತಾರೆ. ನೀವು ಚೆನ್ನಾಗಿ ನೋಡಿಕೊಂಡು ಜನ 14 ತಿಂಗಳು ಉಳಿದರೆ 420 ಜಾಗ ಬೇಕು. ಸೇವೆ ಒಳ್ಳೆಯದಾದಷ್ಟೂ ಜಾಗ ಜಾಸ್ತಿ ಬೇಕಾಗುತ್ತದೆ. ಯೋಜನೆ ಬರೆಯುವವರು ಇದನ್ನು ಸದಾ ಮರೆಯುತ್ತಾರೆ.

ಆಪ್ತಸಲಹೆಗಾರ್ತಿ:

ಎಲ್ಲರಿಗೂ ಧನ್ಯವಾದ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕೆಲಸ ಮಾಡಿ ಬರೆಯೋಣ ಅಂತ.

ಎರಡೂ ಪಟ್ಟಿ ಹೊಂದಿಸಿದೆವು. ಹೆಸರು ಹೊರಗೆ ಹೋಗಬಾರದು ಅಂತ ಆಸ್ಪತ್ರೆಯ ದಾಖಲೆ ವಿಭಾಗದವರೇ ಹೆಸರಿನ ಮೊದಲ ಅಕ್ಷರಗಳು, ಹುಟ್ಟಿದ ದಿನ, ಹೆಣ್ಣೋ ಗಂಡೋ, ಇಷ್ಟು ಸೇರಿಸಿ ಒಂದು ಗುರುತು ಮಾಡಿಕೊಟ್ಟರು. ನೈತಿಕ ಸಮಿತಿಯ ಒಪ್ಪಿಗೆ ಪಡೆದೇ ಮಾಡಿದ್ದು. ಕಂಪ್ಯೂಟರ್ ಮೊದಲ ಸಲ ಹೊಂದಿಸಿದಾಗ 22 ಜನ ಸಿಕ್ಕರು. ಅಂದರೆ ಒಟ್ಟು 2,700 ದಾಟುತ್ತದೆ. ನಾನು ಅಲ್ಲೇ ನಿಲ್ಲಿಸಲಿಲ್ಲ. ಹತ್ತಿರ ಹತ್ತಿರ ಇರುವ ಗುರುತುಗಳನ್ನೆಲ್ಲ ಕಾಗದದ ಮೇಲೆ ಹಾಕಿಸಿಕೊಂಡು, ದಾಖಲೆ ವಿಭಾಗದ ಹಿರಿಯರೊಬ್ಬರ ಜೊತೆ ಒಂದು ಮಧ್ಯಾಹ್ನ ಕೂತೆ. ಅವರು ಅಡಿಕೋಲು ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಿದ್ದರು. ಒಬ್ಬರ ಹುಟ್ಟಿದ ದಿನ ಒಂದು ಕಡೆ 3-8, ಇನ್ನೊಂದು ಕಡೆ 8-3. ಇನ್ನೊಬ್ಬರಿಗೆ ನಮ್ಮಲ್ಲಿ ಸರಿಯಾದ ತಾರೀಖು, ಎಮರ್ಜೆನ್ಸಿಯಲ್ಲಿ ಜನವರಿ 1. ಪ್ರಜ್ಞೆ ಇಲ್ಲದೆ ಬಂದಾಗ ವಯಸ್ಸು ಅಂದಾಜಿಗೆ ಬರೆದು ತಾರೀಖಿನ ಜಾಗಕ್ಕೆ ಹಾಗೆ ಹಾಕುತ್ತಾರಂತೆ. ಹೀಗೆ ಇನ್ನೂ 5 ಜನ ಸಿಕ್ಕರು. ಒಟ್ಟು 27.

27ಕ್ಕೆ ಲೆಕ್ಕ ಹಾಕಿದರೆ ಸುಮಾರು 2,220. ಸಣ್ಣ ಸಂಖ್ಯೆಗೆ ಚಾಪ್‌ಮನ್ ತಿದ್ದುಪಡಿ ಬಳಸಿ ಅಂತ ಎಣಿಕೆಗಾರರು ಆಮೇಲೆ ಮೆಸೇಜ್‌ನಲ್ಲಿ ಹೇಳಿದರು. ಅದರಲ್ಲಿ 2,160 ಬಂತು. ಶೇ 95ರ ಅಂತರ, ಅಂದರೆ ನಿಜವಾದ ಸಂಖ್ಯೆ ಬಹುಮಟ್ಟಿಗೆ ಇರಬಹುದಾದ ಮಿತಿ, 1,480ರಿಂದ 2,850ರವರೆಗೆ. ಮೊದಲ ಪುಟದಲ್ಲಿ ಆ ಅಂತರವನ್ನೇ ಬರೆದಿದ್ದೇನೆ. ಒಂದೇ ಸಂಖ್ಯೆ ಕೊಡಿ ಅಂತ ಒತ್ತಾಯ ಬಂತು. ಹಾಗೆ ಕೊಟ್ಟರೆ ಎಲ್ಲರೂ ಅದನ್ನೇ ಸತ್ಯ ಅಂದುಕೊಳ್ಳುತ್ತಾರೆ ಅಂತ ಹೇಳಿದೆ. ಎಮರ್ಜೆನ್ಸಿಯಿಂದ ನಮ್ಮಲ್ಲಿಗೆ ಕಳಿಸಿದ ಚೀಟಿ 27 ಜನರಲ್ಲಿ 11 ಜನರ ಫೈಲಿನಲ್ಲಿ ಇದೆ. ಅದನ್ನೂ ಕೆಳಗೇ ಬರೆದಿದ್ದೇನೆ, ಅಂದಾಜು ಇನ್ನೂ ಮೇಲೆ ಇರಬಹುದು ಅಂತ.

ಮಾತ್ರೆ ಲೆಕ್ಕದವರೇ, "ದುರ್ಬಳಕೆ" ಅನ್ನುವ ಮಾತನ್ನು ಶೀರ್ಷಿಕೆಯಿಂದ ತೆಗೆದಿದ್ದೇನೆ.

ಮೂರು ವರ್ಷದ ಸರ್, ನೀವು ಬರೆದಿದ್ದನ್ನು ನಮ್ಮ ಸಭೆಯಲ್ಲಿ ಓದಿದೆ. ನಿಮ್ಮ ಬಗ್ಗೆ ಏನೂ ಹೇಳದೆ, ಆ ತಾರೀಖುಗಳನ್ನು ಮಾತ್ರ. 26, 23, 19. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನೋವಿನ ಕ್ಲಿನಿಕ್ಕಿನ ಡಾಕ್ಟರ್ ಒಬ್ಬರು ತಮ್ಮಲ್ಲೇ ವಾರಕ್ಕೆ ಎರಡು ದಿನ ಬುಪ್ರೆನಾರ್ಫಿನ್ ಶುರು ಮಾಡಬಹುದಾ ಅಂತ ಕೇಳಿದರು. ನಾನು ಅಲ್ಲಿಗೆ ಹೋಗಿ ಕೂರುತ್ತೇನೆ ಅಂದಿದ್ದೇನೆ. ಬಾಗಿಲ ಮೇಲೆ ನಮ್ಮ ಕೇಂದ್ರದ ಹೆಸರು ಇರುವುದಿಲ್ಲ.

ಚೀಟಿ ದಾಖಲೆಯ ಮೂರನೇ ಪಟ್ಟಿಗೆ ಒಪ್ಪಿಗೆ ಇನ್ನೂ ಬಂದಿಲ್ಲ. ಬಂದರೆ ಮತ್ತೆ ಇಲ್ಲೇ ಬರೆಯುತ್ತೇನೆ, ಆ ಎಂಟನೇ ಗುಂಪಿನ ಲೆಕ್ಕಕ್ಕೆ ಎಣಿಕೆಗಾರರ ಸಹಾಯ ಬೇಕು. ಕನ್ನಡಕದ ಡಬ್ಬಿಯವರು ನಿನ್ನೆ ಮೂರನೇ ಸಲ ಬಂದಿದ್ದರು. ಈ ಸಲ ಮಗಳನ್ನೂ ಕರೆದುಕೊಂಡು ಬಂದಿದ್ದರು.